ಬಿಡಿಸಿ ಬರೆಯಿರಿ, ಆಮೇಲೆ ಎಣಿಸಿ

ವಿಜಯಪುರದ ಮಕ್ಕಳೇ, ಗಣಿತದ ಗುರುಗಳೇ, ಟೀಚರ್‌ಗಳೇ, ಎಲ್ಲರಿಗೂ ನಮಸ್ಕಾರ. ನೇರವಾಗಿ ಲೆಕ್ಕಕ್ಕೇ ಬರುತ್ತೇನೆ.

ಬೋರ್ಡ್ ನೋಡಿ: ಕ² × ಕ³. ಇದಕ್ಕೆ ಕ⁶ ಎಂದು ಬರೆಯುವ ಮಕ್ಕಳು ಬಹಳ. ಅವರು ದಡ್ಡರಲ್ಲ. ಗುಣಾಕಾರದ ಗುರುತು ಕಂಡಿತು, ಎರಡು ಮೂರಲೆ ಆರು ಮಾಡಿದರು. ಅವರಿಗೆ ನಿಯಮವನ್ನು ಮತ್ತೆ ಬಾಯಿಪಾಠ ಮಾಡಿಸಿದರೆ ನಾಳೆ ಮತ್ತೆ ಮರೆಯುತ್ತದೆ. ಬಿಡಿಸಿ ಬರೆಸಿ. ಕ² ಅಂದರೆ ಕ × ಕ. ಕ³ ಅಂದರೆ ಕ × ಕ × ಕ. ಪಕ್ಕಪಕ್ಕ ಇಟ್ಟು ಎಣಿಸಿದರೆ ಐದು. ಉತ್ತರ ಕ⁵. ತಲೆಯ ಮೇಲಿನ ಪುಟ್ಟ ಅಂಕಿ, ಅಂದರೆ ಘಾತಾಂಕ, ಬರೀ ಎಣಿಕೆ.

ಕ⁶ ಯಾವಾಗ ಬರುತ್ತದೆ? (ಕ²)³ ಇದ್ದಾಗ. ಎರಡೆರಡರ ಮೂರು ಗುಂಪು, ಒಟ್ಟು ಆರು.

ಗುರುಗಳಿಗೆ ಒಂದು ಮಾತು. ಮೊದಲ ಉದಾಹರಣೆಯಾಗಿ ಕ² × ಕ² ಕೊಡಬೇಡಿ. ಅಲ್ಲಿ ಕೂಡಿಸಿದರೂ ನಾಲ್ಕು, ಗುಣಿಸಿದರೂ ನಾಲ್ಕು. ತಪ್ಪು ದಾರಿ ಹಿಡಿದ ಮಗುವಿಗೂ ಸರಿ ಉತ್ತರ ಸಿಗುತ್ತದೆ, ಅಲ್ವಾ?

ಈ ಊರಲ್ಲಿ ನಿಂತು ಗಣಿತಜ್ಞ ಭಾಸ್ಕರಾಚಾರ್ಯರನ್ನು ನೆನೆಯದೆ ಇರಲಾರೆ. 1114ರಲ್ಲಿ ಅವರು ಹುಟ್ಟಿದ ವಿಜ್ಜಡವಿಡ ನಮ್ಮ ವಿಜಯಪುರವೇ ಎಂದು ಇಲ್ಲಿ ಅನೇಕರು ನಂಬುತ್ತಾರೆ. ಅದು ಬೇರೆ ಊರು ಎನ್ನುವ ವಿದ್ವಾಂಸರೂ ಇದ್ದಾರೆ. 1150ರ ಅವರ ಸಿದ್ಧಾಂತ ಶಿರೋಮಣಿಯ ಒಂದು ಭಾಗವೇ ಬೀಜಗಣಿತ. ಅದರಲ್ಲಿ ಗೊತ್ತಿಲ್ಲದ ರಾಶಿಗೆ ‘ಯಾ’, ಅದರ ವರ್ಗಕ್ಕೆ ‘ಯಾ ವ’, ಘನಕ್ಕೆ ‘ಯಾ ಘ’ ಎಂದು ಬರೆಯುತ್ತಿದ್ದರು. ತಲೆಯ ಮೇಲೆ ಪುಟ್ಟ ಅಂಕಿ ಹಾಕುವ ಈಗಿನ ರೂಢಿ 1637ರಲ್ಲಿ ಫ್ರಾನ್ಸಿನ ಗಣಿತಜ್ಞ ಡೆಕಾರ್ಟ್ ಅವರ ಪುಸ್ತಕದಿಂದ ಹರಡಿತು. ಆ ಅಂಕಿ ಬಂದ ಮೇಲೆ ಎಣಿಕೆ ಕಣ್ಣಿಗೇ ಕಾಣುವಂತಾಯಿತು.

ಭಾಗಾಕಾರಕ್ಕೂ ಇದೇ ದಾರಿ. ಕ⁵ ÷ ಕ² ಬಿಡಿಸಿ, ಮೇಲೆ ಕೆಳಗೆ ಎರಡೆರಡು ಹೊಡೆದುಹಾಕಿ, ಮೂರು ಉಳಿಯುತ್ತವೆ. ಕ³ ÷ ಕ³ ಆದರೆ ಉತ್ತರ 1. ಅದಕ್ಕೇ ಕ⁰ ಅಂದರೆ 1. ಕ ಮಾತ್ರ ಸೊನ್ನೆ ಆಗಿರಬಾರದು. ಕ² ÷ ಕ⁵ ಆದರೆ ಮೂರು ಕ ಛೇದದಲ್ಲಿ ಉಳಿಯುತ್ತವೆ. ಅದೇ ಕ⁻³. ಹೀಗಾಗಿ 2⁻³ ಅಂದರೆ 1/8, ಮೈನಸ್ 8 ಅಲ್ಲ.

ಇನ್ನು ಆವರಣ. ತ ಅಂದರೆ ತ್ರಿಜ್ಯ ಎನ್ನಿ. (2ತ)³ ಬೇರೆ, 2ತ³ ಬೇರೆ. ನಮ್ಮ ಗೋಲಗುಮ್ಮಟದ ಗುಮ್ಮಟವನ್ನು ಅದೇ ಆಕಾರದಲ್ಲಿ ಎರಡರಷ್ಟು ತ್ರಿಜ್ಯಕ್ಕೆ ಕಟ್ಟಿದರೆ ಒಳಗಿನ ಜಾಗ ಎರಡು ಪಟ್ಟಲ್ಲ, ಎಂಟು ಪಟ್ಟು. ಆವರಣದೊಳಗಿನ 2 ಕೂಡ ಮೂರು ಸಲ ಗುಣಿಸಿಕೊಳ್ಳುತ್ತದೆ.

ಈಗ ಪೂರಾ ಒಂದು ಲೆಕ್ಕ: (2ಕ³ಖ)² × 3ಕಖ⁴, ಬಂದದ್ದನ್ನು 6ಕ⁵ಖ² ರಿಂದ ಭಾಗಿಸಬೇಕು. ಮೊದಲು ಆವರಣ ಬಿಡಿಸಿ: 4ಕ⁶ಖ². ಗುಣಿಸಿ: 12ಕ⁷ಖ⁶. ಭಾಗಿಸಿ: 2ಕ²ಖ⁴. ಅಂಕಿಗಳನ್ನು ಅಂಕಿಗಳ ಜೊತೆ, ಕ ಅನ್ನು ಕ ಜೊತೆ, ಖ ಅನ್ನು ಖ ಜೊತೆ ನೋಡಿ. ಅವಸರ ಬೇಡ.

ಉತ್ತರ ಸರಿಯೋ ಎಂದು ಯಾರನ್ನೂ ಕೇಳಬೇಕಿಲ್ಲ. ಅಕ್ಷರದ ಜಾಗದಲ್ಲಿ 2 ಹಾಕಿ. ಕ² × ಕ³ ಅಂದರೆ 4 × 8, 32. 2⁵ ಕೂಡ 32, 2⁶ ಆದರೆ 64. ಆದರೆ 1 ಹಾಕಬೇಡಿ. ಒಂದರ ಯಾವ ಘಾತವೂ ಒಂದೇ, ತಪ್ಪು ಅಡಗಿಬಿಡುತ್ತದೆ.

ಕ² + ಕ³ ಬಂದರೆ ಸುಮ್ನೆ ಘಾತಾಂಕ ಕೂಡಿಸಬೇಡಿ. 2 ಹಾಕಿದರೆ ಅದು 12, 32 ಅಲ್ಲ. ಬೇಕಾದರೆ ಕ² ಅನ್ನು ಹೊರಗೆ ತೆಗೆದು ಕ²(1 + ಕ) ಎಂದು ಬರೆಯಬಹುದು, ಒಂದೇ ಘಾತ ಮಾಡಲು ಬರುವುದಿಲ್ಲ. ಈಗ ಯಾರಾದರೂ ಇಬ್ಬರು ಬೋರ್ಡಿಗೆ ಬನ್ನಿ. (3ಕ²)³ ÷ 9ಕ⁴, ಬಿಡಿಸಿ ನೋಡೋಣ.