ಪೆಟ್ಟಿಗೆಯ ಜೊತೆ ನೀವೂ ಬನ್ನಿ

ಕೇಳುಗರಿಗೆ ನಮಸ್ಕಾರ. ಇವತ್ತು ನನ್ನ ಮಾತು ಹಾಲಿನ ಸೊಸೈಟಿ, ಕರೆಂಟು ಆಫೀಸು, ಲ್ಯಾಬು, ವರ್ಕ್‌ಶಾಪುಗಳಲ್ಲಿ ದುಡಿಯುವವರಿಗೆ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಮಂಜೇಶ್ವರದಿಂದ ಮುಳ್ಳೇರಿಯಾದವರೆಗೆ ನಮ್ಮ ಕನ್ನಡ ಶಾಲೆಗಳ ಪಕ್ಕದಲ್ಲೇ ನೀವಿದ್ದೀರಿ.

ಶಾಲೆಗೆ ವಿಜ್ಞಾನದ ಸಾಮಾನು ಕೊಡುತ್ತೀರಿ, ಸಂತೋಷ. ಆದರೆ ಬರೀ ಪೆಟ್ಟಿಗೆ ಕಳಿಸಬೇಡಿ. ಜೊತೆಗೆ ನೀವೂ ಬನ್ನಿ. ನಾನು ಕಲಿಸುತ್ತಿದ್ದ ಒಂದು ಶಾಲೆಗೆ ಒಳ್ಳೆಯ ಪೆಟ್ಟಿಗೆ ಬಂದಿತ್ತು. ಒಳಗಿನ ವಿವರವೆಲ್ಲ ಇಂಗ್ಲಿಷಿನಲ್ಲಿ. ಒಡೆದರೆ ಯಾರು ಹೊಣೆ ಅಂತ ಭಯ ಬೇರೆ. ಎರಡು ಮಳೆಗಾಲ ಕಪಾಟಿನಲ್ಲೇ ಕೂತಿತು. ತೆಗೆದು ನೋಡಿದರೆ ಲೆನ್ಸಿಗೆಲ್ಲ ಬೂಸ್ಟು!

ಇನ್ನೊಂದು ಸಲ ಹಾಲಿನ ಸೊಸೈಟಿಯಲ್ಲಿ ಹಾಲು ಪರೀಕ್ಷಿಸುವ ಅಕ್ಕನನ್ನು ಕರೆದೆ. ಹಾಲಿನ ಸಾಂದ್ರತೆ ಅಳೆಯುವ ಒಂದು ಲ್ಯಾಕ್ಟೋಮೀಟರ್, ಒಂದು ಉದ್ದನೆಯ ಜಾರ್, ಇಷ್ಟೇ ತಂದರು. ಹಸುವಿನ ಹಾಲಿನಲ್ಲಿ ಬಿಟ್ಟಾಗ 30ಕ್ಕೆ ನಿಂತಿತು. "ಒಳ್ಳೆ ಹಾಲು 28ರಿಂದ 32ರೊಳಗೆ ಇರ್ತದೆ" ಅಂದರು. ಆಮೇಲೆ ನಾಲ್ಕು ಲೋಟ ಹಾಲಿಗೆ ಒಂದು ಲೋಟ ನೀರು ಸೇರಿಸಿ ಮತ್ತೆ ಬಿಟ್ಟರು. ಮಾಪಕ ಇನ್ನಷ್ಟು ಮುಳುಗಿತು. 24! ಹಿಂದಿನ ಬೆಂಚಿನವರೂ ಎದ್ದು ಬಂದರು. ಯಾವಾಗಲೂ ಸುಮ್ನೆ ಕೂರುವ ಹುಡುಗಿ ಕೇಳಿದಳು, "ಅಕ್ಕಾ, ಸಕ್ಕರೆ ಹಾಕಿದ್ರೆ?" ಹಾಕಿ ಕಲಕಿದರು. ಮಾಪಕ ಮೇಲೆ ಬಂತು! "ಹೀಗೆ ಮೋಸ ಮಾಡುವವರೂ ಇದ್ದಾರೆ. ಅದಕ್ಕೇ ನಾವು ಇದೊಂದನ್ನೇ ನಂಬುವುದಿಲ್ಲ, ಕೊಬ್ಬನ್ನೂ ಅಳೆಯುತ್ತೇವೆ" ಅಂದರು ಅಕ್ಕ. ಸಾಂದ್ರತೆಯ ಪಾಠವನ್ನು ನಾನು ಎಷ್ಟೋ ವರ್ಷ ಮಾಡಿದ್ದೆ. ಆ ಪ್ರಶ್ನೆಯನ್ನು ನನ್ನ ಹತ್ತಿರ ಯಾರೂ ಕೇಳಿರಲಿಲ್ಲ. ಹಾಲು ಅಳೆಯುವವರೇ ಎದುರಿಗೆ ನಿಂತದ್ದಕ್ಕೆ ಅದು ಬಂತು.

"ನನಗೆ ಕನ್ನಡ ಅಷ್ಟು ಬರುವುದಿಲ್ಲ" ಅಂತ ಹಿಂಜರಿಯುವವರಿದ್ದಾರೆ. ಮಲಯಾಳದಲ್ಲೇ ಹೇಳಿ. ಸಾಂದ್ರತೆಗೆ ಅಲ್ಲಿಯೂ ಸಾಂದ್ರತೆ ಅಂತಲೇ ಅಲ್ವಾ? ಉಳಿದದ್ದನ್ನು ಟೀಚರ್ ನೋಡಿಕೊಳ್ಳುತ್ತಾರೆ.

ಸಮಯ ಜಾಸ್ತಿ ಉಳಿದಿಲ್ಲ, ಬೇಗ ಹೇಳುತ್ತೇನೆ. ಲೈನ್‌ಮನ್ ಬಂದು, ಸೋರುವ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತಿಂಗ್ ತೋರಿಸಲಿ. ನೀರಿಗಾಗಿ ಗುಡ್ಡದಲ್ಲಿ ಸುರಂಗ ಕೊರೆದವರು ಬಂದು ಮುರಕಲ್ಲಿನಲ್ಲಿ, ಅಂದರೆ ಜಂಬಿಟ್ಟಿಗೆಯಲ್ಲಿ, ನೀರು ಹೇಗೆ ಒಸರುತ್ತದೆ ಅಂತ ಹೇಳಲಿ. ಕಾಸರಗೋಡು ಪೇಟೆಯ ಹತ್ತಿರದ ಕೂಡ್ಲಿನಲ್ಲಿ 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿದೆ. ಅಲ್ಲಿಯವರು ಹೈಬ್ರಿಡ್ ಸಸಿಯನ್ನೇ ಹಿಡಿದುಕೊಂಡು ಬರಲಿ. ಭಾಷಣ ಮಾತ್ರ ಬೇಡ, ದಯವಿಟ್ಟು. ಶಾಲು, ಫೋಟೋ ಯಾವುದೂ ಬೇಡ. ಒಂದು ಪೀರಿಯಡ್ ಮಕ್ಕಳ ಜೊತೆ ನಿಲ್ಲಿ, ಸಾಕು.

ಬರುವ ಮೊದಲು ಟೀಚರಿಗೆ ಒಂದು ಫೋನ್ ಮಾಡಿ. "ಮುಂದಿನ ತಿಂಗಳು ಯಾವ ಪಾಠ?" ಅಂತ ಕೇಳಿ. ಆ ಪಾಠಕ್ಕೆ ಬೇಕಾದದ್ದನ್ನು ಮಾತ್ರ ಪೆಟ್ಟಿಗೆಗೆ ಹಾಕಿ, ನೀವೇ ಹೊತ್ತು ತನ್ನಿ. ನಮಸ್ಕಾರ.