ಮಾರ್ಕೊ ಮಿನ್ನಿತಿ: ಭದ್ರತೆಯನ್ನು ಎಡಪಂಥದ ಹೊಣೆ ಎಂದ ಸಚಿವ

ಎಲ್ಲರಿಗೂ ನಮಸ್ಕಾರ.

2017ರ ಜೂನ್ ಕೊನೆಯಲ್ಲಿ ಅಮೆರಿಕಕ್ಕೆ ಹೊರಟಿದ್ದ ಇಟಲಿಯ ಗೃಹ ಸಚಿವ ಮಾರ್ಕೊ ಮಿನ್ನಿತಿ ಐರ್ಲೆಂಡಿನಿಂದಲೇ ವಾಪಸಾದರು. ಕಡಲಿನಲ್ಲಿ ರಕ್ಷಿಸಿದ ಹತ್ತು ಸಾವಿರಕ್ಕೂ ಹೆಚ್ಚು ವಲಸಿಗರನ್ನು ಹೊತ್ತ ಹಡಗುಗಳು ಇಟಲಿಯ ಬಂದರುಗಳತ್ತ ಬರುತ್ತಿದ್ದವು. ಈ ಸಚಿವರು ಬಲಪಂಥೀಯರಲ್ಲ ಎಂಬುದೇ ನಾನು ಅವರನ್ನು ಇಂದಿನ ವಿಷಯವಾಗಿ ಆರಿಸಿಕೊಳ್ಳಲು ಕಾರಣ.

1956ರಲ್ಲಿ ದಕ್ಷಿಣ ಇಟಲಿಯ ಕಲಾಬ್ರಿಯ ಪ್ರಾಂತ್ಯದ ರೆಜ್ಜೊ ಕಲಾಬ್ರಿಯ ನಗರದಲ್ಲಿ ಹುಟ್ಟಿದ ಮಿನ್ನಿತಿ, ವಾಯುಪಡೆಯ ಅಧಿಕಾರಿಯ ಮಗ. ಓದಿದ್ದು ತತ್ವಶಾಸ್ತ್ರ, ಸೇರಿದ್ದು ಕಮ್ಯುನಿಸ್ಟ್ ಪಕ್ಷ. ಕಲಾಬ್ರಿಯದಲ್ಲಿ ಮಾಫಿಯಾದ ಹಾವಳಿ ಹೇಳತೀರದು. ಅಲ್ಲಿ ಕಾನೂನು ಕೈಚೆಲ್ಲಿ ಕುಳಿತರೆ ಮೊದಲು ತತ್ತರಿಸುವವರು ಕೂಲಿಕಾರರು, ಸಣ್ಣ ಅಂಗಡಿಯವರು. ಉಳ್ಳವರು ಕಾವಲುಗಾರರನ್ನು ಇಟ್ಟುಕೊಳ್ಳಬಲ್ಲರು. ಭದ್ರತೆ ಎಡಪಕ್ಷಗಳದೇ ಹೊಣೆ ಎಂಬ ಅವರ ವಾದವನ್ನು ಈ ನೆಲದ ಹಿನ್ನೆಲೆಯಲ್ಲಿ ಕೇಳಿದಾಗ ನನಗೆ ಅದು ಪೂರ್ತಿ ಒಪ್ಪಿಗೆ. ಪ್ರಧಾನಿಗಳಾದ ದಲೇಮ, ಅಮಾತೊ, ಪ್ರೋದಿ ಅವರ ಸರ್ಕಾರಗಳಲ್ಲಿ ಕಿರಿಯ ಹುದ್ದೆಗಳು, 2013ರಿಂದ ಗುಪ್ತಚರ ಸಂಸ್ಥೆಗಳ ಉಸ್ತುವಾರಿ, 2016ರ ಡಿಸೆಂಬರ್‌ನಲ್ಲಿ ಗೃಹ ಖಾತೆ. ತೆರೆಮರೆಯ ಕೆಲಸದಲ್ಲಿ ಪಳಗಿದ ಕೈ ಅದು.

ಲಿಬಿಯಾದಿಂದ ಕಡಲ ದಾರಿಯಲ್ಲಿ ಬರುವ ವಲಸಿಗರನ್ನು ತನ್ನ ಹಡಗಿನಲ್ಲಿ ಅಲ್ಲಿಗೇ ಮರಳಿಸುವ ದಾರಿಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2012ರಲ್ಲೇ ಇಟಲಿಗೆ ಮುಚ್ಚಿತ್ತು. ಹಾಗಾಗಿ ಲಿಬಿಯಾದವರೇ ಅವರನ್ನು ಹಿಡಿಯಲಿ ಎಂದಾಯಿತು. 2017ರ ಫೆಬ್ರವರಿ 2ರಂದು ಒಪ್ಪಂದಕ್ಕೆ ಸಹಿ ಬಿತ್ತು. ಗಸ್ತು ದೋಣಿ, ತರಬೇತಿ, ಹಣ ಇಟಲಿಯದು. ಜನರನ್ನು ಹಿಡಿದು ಮರಳಿಸುವ ಕೆಲಸ ಲಿಬಿಯಾದ ಕರಾವಳಿ ಪಡೆಯದು. ಮಿನ್ನಿತಿ ದಕ್ಷಿಣ ಲಿಬಿಯಾದ ಬುಡಕಟ್ಟು ಮುಖಂಡರನ್ನು ರೋಮಿಗೇ ಕರೆಸಿ ಮಾತುಕತೆ ನಡೆಸಿದರು. ದೇಶದೊಳಗೆ, ಆಶ್ರಯದ ಅರ್ಜಿ ತಿರಸ್ಕೃತವಾದವರಿಗೆ ಇದ್ದ ಮೇಲ್ಮನವಿಯ ಒಂದು ಹಂತವನ್ನು ತೆಗೆದುಹಾಕಲಾಯಿತು. ಕಡಲಿನಲ್ಲಿ ವಲಸಿಗರನ್ನು ರಕ್ಷಿಸುತ್ತಿದ್ದ ಸ್ವಯಂಸೇವಾ ಸಂಸ್ಥೆಗಳ ಹಡಗುಗಳಿಗೆ ನಿಯಮಾವಳಿ ಬಂತು. 2016ರಲ್ಲಿ ಕಡಲ ದಾರಿಯಲ್ಲಿ ಬಂದವರು 1,81,000ಕ್ಕೂ ಹೆಚ್ಚು. 2017ರಲ್ಲಿ ಸುಮಾರು 1,19,000.

ಸಂಖ್ಯೆ ಇಳಿದದ್ದು ನಿಜ. ಆದರೆ ಹಿಡಿದು ಮರಳಿಸಿದವರು ಹೋದದ್ದು ಲಿಬಿಯಾದ ಬಂಧನ ಕೇಂದ್ರಗಳಿಗೆ. ಹೊಡೆತ, ಹಸಿವು, ಅತ್ಯಾಚಾರ, ಒತ್ತೆಹಣದ ವಸೂಲಿ ಅಲ್ಲಿ ನಿತ್ಯದ ಸಂಗತಿಗಳು. ಈ ನೀತಿ ಅಮಾನವೀಯ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮುಖ್ಯಸ್ಥ ಝೈದ್ ರಾದ್ ಅಲ್ ಹುಸೇನ್ 2017ರ ನವೆಂಬರ್‌ನಲ್ಲಿ ಹೇಳಿದರು. ದುರ್ಬಲರಿಗಾಗಿ ಭದ್ರತೆ ಎಂದು ಹೊರಟವರು, ಎಲ್ಲರಿಗಿಂತ ದುರ್ಬಲರನ್ನು ಅಂಥ ಹಿಂಸಕರ ಕೈಗೆ ಒಪ್ಪಿಸಿದರು. ಇದನ್ನು ರಾಜಕೀಯ ಅನಿವಾರ್ಯತೆ ಎಂದು ಒಪ್ಪಲು ನನ್ನಿಂದಾಗದು.

ಮತದಾರರೂ ಕೈಹಿಡಿಯಲಿಲ್ಲ. 2018ರ ಮಾರ್ಚ್ ಚುನಾವಣೆಯಲ್ಲಿ ಪೆಸಾರೊ ಕ್ಷೇತ್ರದಲ್ಲಿ ಅವರು ಮೂರನೆಯ ಸ್ಥಾನಕ್ಕೆ ಇಳಿದರು. ಆಗ ಅವರಿದ್ದ ಡೆಮಾಕ್ರಟಿಕ್ ಪಕ್ಷದ ಪಟ್ಟಿಯ ಮೂಲಕ ಸಂಸತ್ತಿಗೆ ಬಂದರು. ಜೂನ್‌ನಲ್ಲಿ ಅವರ ಕುರ್ಚಿಗೆ ಬಂದವರು ಬಲಪಂಥೀಯ ಮತ್ತೆಯೊ ಸಾಲ್ವಿನಿ. 2021ರಲ್ಲಿ ಮಿನ್ನಿತಿ ಸಂಸತ್ತನ್ನೂ ಬಿಟ್ಟು, ರಕ್ಷಣಾ ಕಂಪನಿ ಲಿಯೊನಾರ್ಡೊ ಸ್ಥಾಪಿಸಿದ ಮೆಡ್-ಓರ್ ಪ್ರತಿಷ್ಠಾನದ ಮುಖ್ಯಸ್ಥರಾದರು. ಲಿಬಿಯಾ ಒಪ್ಪಂದ 2020ರಲ್ಲಿ ಅವರದೇ ಪಕ್ಷವಿದ್ದ ಸರ್ಕಾರದ ಅವಧಿಯಲ್ಲಿ ನವೀಕರಣವಾಯಿತು, 2023ರಲ್ಲಿ ಬಲಪಂಥೀಯ ಪ್ರಧಾನಿ ಮೆಲೋನಿ ಸರ್ಕಾರದ ಅವಧಿಯಲ್ಲಿ ಮತ್ತೊಮ್ಮೆ.