ನಾಯಿ ಸಾಕಿದರೆ ಆಯುಷ್ಯ ಹೆಚ್ಚುತ್ತದೆಯೇ?

ಕಳೆದ ಸಂಚಿಕೆಗೆ ವೀಕ್ಷಕರೊಬ್ಬರು ಹೀಗೆ ಬರೆದಿದ್ದಾರೆ: "ನಾಯಿ ಸಾಕಿದವರು ಹೆಚ್ಚು ಕಾಲ ಬದುಕುತ್ತಾರೆಂದು ವಿಜ್ಞಾನ ಎಂದೋ ಸಾಬೀತುಪಡಿಸಿದೆ. ನಿಮಗೇಕೆ ಹೊಟ್ಟೆಯುರಿ?" ಸ್ವಾಮಿ, ನಾಯಿಯ ಮೇಲೆ ನನಗೆ ಯಾವ ದ್ವೇಷವೂ ಇಲ್ಲ, ನನ್ನ ತಕರಾರು ಇರುವುದು ಲೆಕ್ಕದ ಮೇಲೆ.

1980ರಲ್ಲಿ ಎರಿಕಾ ಫ್ರೀಡ್‌ಮನ್ ಮತ್ತು ಸಂಗಡಿಗರು, ಹೃದ್ರೋಗ ಚಿಕಿತ್ಸೆ ಪಡೆದು ಮನೆಗೆ ಮರಳಿದ 92 ರೋಗಿಗಳ ಒಂದು ವರ್ಷದ ಅಳಿವು ಉಳಿವಿನ ಲೆಕ್ಕವನ್ನು ಪ್ರಕಟಿಸಿದರು. ಪ್ರಾಣಿ ಸಾಕಿದ್ದ 53 ಮಂದಿಯಲ್ಲಿ ತೀರಿಕೊಂಡವರು 3, ಸಾಕದಿದ್ದ 39 ಮಂದಿಯಲ್ಲಿ 11. ಮನುಷ್ಯ ಮತ್ತು ಪ್ರಾಣಿಗಳ ಸಂಬಂಧವನ್ನು ಅಭ್ಯಸಿಸುವ ಸಂಶೋಧಕರಲ್ಲಿ ಬಹಳ ಮಂದಿ ಅಂದಿನಿಂದ ಈ ಆರೋಗ್ಯಲಾಭದ ಬೆನ್ನು ಹತ್ತಿದ್ದಾರೆ. ಆದರೆ ಯಾರ ಮನೆಯಲ್ಲಿ ನಾಯಿ ಇರಬೇಕೆಂದು ಚೀಟಿ ಎತ್ತಿ ನಿರ್ಧರಿಸಿದ್ದರೇ? ಇಲ್ಲ. ನಡೆದಾಡುವ ಶಕ್ತಿ, ಬಿಡುವು, ಹಣ ಉಳ್ಳವರಿಗೆ ನಾಯಿ ಸಾಕುವುದು ಸುಲಭ. ಅಂಥವರು ನಾಯಿಯಿಲ್ಲದೆಯೂ ಗಟ್ಟಿಯಾಗಿಯೇ ಇರುತ್ತಿದ್ದರೇನೋ.

2010ರಲ್ಲಿ ಗಾರ್ಡನ್ ಪಾರ್ಕರ್ ತಂಡವು 424 ಹೃದ್ರೋಗಿಗಳನ್ನು ಪರಿಶೀಲಿಸಿದಾಗ ಫಲಿತಾಂಶ ತಿರುಗುಮುರುಗಾಯಿತು: ಪ್ರಾಣಿ ಸಾಕಿದವರೇ, ಅದರಲ್ಲೂ ಬೆಕ್ಕು ಸಾಕಿದವರೇ, ಸಾಯುವ ಅಥವಾ ಮತ್ತೆ ಆಸ್ಪತ್ರೆ ಸೇರುವ ಸಂಭವ ಹೆಚ್ಚು. (ಬೆಕ್ಕಿನ ಅಭಿಮಾನಿಗಳು ದಯವಿಟ್ಟು ಚಾನೆಲ್ ಬಿಟ್ಟು ಹೋಗಬೇಡಿ.) ಹಾಗಾದರೆ ಬೆಕ್ಕು ಹಂತಕನೇ? ಅದೂ ಅಲ್ಲ. ಅಲ್ಲಿಯೂ ಚೀಟಿ ಎತ್ತಿರಲಿಲ್ಲ! 2017ರಲ್ಲಿ ಕ್ಯಾಲಿಫೋರ್ನಿಯಾದ 5000ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ವಿಶ್ಲೇಷಿಸಿದ ಅಧ್ಯಯನದಲ್ಲಿ, ನಾಯಿ ಬೆಕ್ಕುಗಳಿದ್ದ ಮನೆಯ ಮಕ್ಕಳು ಮೇಲ್ನೋಟಕ್ಕೆ ಹೆಚ್ಚು ಆರೋಗ್ಯವಂತರಾಗಿ ಕಂಡರೂ, ಕುಟುಂಬದ ಆದಾಯದಂತಹ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡೊಡನೆ ಆ ಅಂತರ ಬಹುಮಟ್ಟಿಗೆ ಕರಗಿಹೋಯಿತು. ಮನಶ್ಶಾಸ್ತ್ರಜ್ಞ ಹೆರಾಲ್ಡ್ ಹರ್ಜಾಗ್ 2011ರಲ್ಲಿಯೇ ಈ ಲಾಭವನ್ನು ಇನ್ನೂ ದೃಢಪಡದ ಊಹೆಯೆಂದು ಕರೆದಿದ್ದರು. ಅವರ ಮಾತು ಯಾವ ನಾಯಿ ಆಹಾರದ ಪೊಟ್ಟಣದ ಮೇಲೆಯೂ ಅಚ್ಚಾಗುವುದಿಲ್ಲ, ಬಿಡಿ.

"ನಾಯಿಯ ಒಡನಾಟದಲ್ಲಿ ಅಕ್ಕರೆಯ ಹಾರ್ಮೋನಾದ ಆಕ್ಸಿಟೋಸಿನ್ ಏರುತ್ತದಲ್ಲ?" ಎನ್ನುವವರು ಈಗ ಕೈ ಎತ್ತುತ್ತೀರಿ. ಏರುತ್ತದೆ, ನಾಯಿ ಮತ್ತು ಒಡೆಯ ಪರಸ್ಪರ ದಿಟ್ಟಿಸಿದಾಗ ಇಬ್ಬರಲ್ಲೂ ಏರಿದ್ದನ್ನು 2015ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಆದರೆ ಅದು ಅರ್ಧ ಗಂಟೆಯ ಒಡನಾಟದ ಫಲ. ಅರ್ಧ ಗಂಟೆಯ ಹಾರ್ಮೋನನ್ನು ಹತ್ತು ವರ್ಷದ ಆಯುಷ್ಯವಾಗಿ ಹಿಗ್ಗಿಸುವ ಯಂತ್ರ ನಿಮ್ಮಲ್ಲಿದ್ದರೆ ನನಗೂ ಒಂದು ಕಳುಹಿಸಿ.

"ಪ್ರೀತಿಯನ್ನು ಅಳೆಯಲಾಗದು" ಎಂದು ಇನ್ನೊಬ್ಬರ ತಗಾದೆ. ಅಳೆಯಲಾಗದಿದ್ದರೆ ಸಾಬೀತಾಯಿತೆಂದು ಕುಣಿಯುವುದೇಕೆ? ಚೀಟಿ ಎತ್ತಿ, ಆಮೇಲೆ ಮಾತನಾಡಿ! ಚೀಟಿ ಎತ್ತದ ಲೆಕ್ಕ ನನಗೆ ಬೇಡ, ಬೇಡವೆಂದರೆ ಬೇಡ. ಒಪ್ಪದವರು ಕೆಳಗೆ ಬೈಯಬಹುದು. ಬೈಯುವ ಮುನ್ನ ಚಂದಾದಾರರಾಗಿ, ಗಂಟೆಯ ಗುರುತನ್ನೂ ಒತ್ತಿ. ಮುಂದಿನ ವಾರದ ಸರದಿ ಮೀನಿನ ತೊಟ್ಟಿ ಮತ್ತು ರಕ್ತದೊತ್ತಡದ್ದು.